ಕ್ವಿನ್ಸ್ ಹಣ್ಣಿನ ಸಾಲುಗಳು

ಡಾರ್ಕಸ್ ಪೆಲ್ ಸಾಯಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಭಾನುವಾರದ ಹೊತ್ತಿಗೆ ಅವಳು ದಿಂಬಿಗೆ ಒರಗಿ ಕೂತು ಬಾರ್ಲಿ ಗಂಜಿ ಕುಡಿದಳು, ಬೆಣ್ಣೆ ಕಮ್ಮಿಯಾಯಿತೆಂದು ಮಗಳನ್ನು ಬೈದಳು ಕೂಡ. ಆದರೆ ಗುರುವಾರ ಬೆಳಿಗ್ಗೆ ಆಲ್ಡರ್ಸ್‌ಗೇಟಿನ ನಮ್ಮ ಓಣಿಯಲ್ಲಿ ಅವಳು ಉಳಿಯುತ್ತಾಳೆಂದು ಯಾರೂ ಅಂದುಕೊಂಡಿರಲಿಲ್ಲ. ಒದ್ದೆ ಬಟ್ಟೆ ಹಿಂಡಿದ ಹಾಗೆ ಅವಳ ಹೊಟ್ಟೆ ಹಿಂಡುತ್ತಿತ್ತು. ಕೊನೆಕೊನೆಗೆ ಹೋಗುತ್ತಿದ್ದದ್ದು ಬರೀ ರಕ್ತ.

ಹೊಟ್ಟೆ ಶುದ್ಧಿಯಾಗಲಿ ಎಂದು ಅವಳಿಗೆ ಭೇದಿ ಗುಳಿಗೆ ಕೊಟ್ಟವಳು ಪಕ್ಕದ ಮನೆಯ ಅರ್ಸುಲಾ. ಅರ್ಸುಲಾ ಗುಳಿಗೆ ಕಟ್ಟಿದ್ದು ಪುಸ್ತಕ ನೋಡಿಕೊಂಡು. ಆ ಪುಸ್ತಕವನ್ನು ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ತಂದವನು ಎಲ್ಲಿಸ್ ವಾರೆಂಡರ್, ಅರ್ಸುಲಾಳ ಸತ್ತುಹೋದ ಅಕ್ಕನ ಮಗ, ಅವಳೇ ಸಾಕಿ ಓದಿಸಿದವನು.

ಎಲ್ಲಿಸ್ ಬಂದಾಗ ಅವಳು ಪುಸ್ತಕವನ್ನು ತೆರೆದು ಹಿಡಿದುಕೊಂಡೇ ಮಂಚದ ಪಕ್ಕ ನಿಂತಿದ್ದಳು.

"ನೀನೇ ಓದಿ ನೋಡು. ನಾನು ಒಂದು ಚೂರೂ ಆಚೀಚೆ ಮಾಡಿಲ್ಲ. ಸ್ಕಾಮನಿ ಇಷ್ಟು, ಶುಂಠಿ ಇಷ್ಟು, ಗುಲಾಬಿ ಪಾಕದಲ್ಲಿ ಕಲಸಿ ಗುಳಿಗೆ ಕಟ್ಟು ಅಂತಿದೆ. ಕಟ್ಟಿದೀನಿ. ತಕ್ಕಡಿ ಎರವಲು ತಂದು ತೂಗಿದೀನಿ ಕಣೋ."

ಎಲ್ಲಿಸ್ ಓದಿದ. ಓದುವ ಅಗತ್ಯ ಇರಲಿಲ್ಲ. ಆ ಪುಟದಲ್ಲಿ ಏನಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು.

ಸ್ಕಾಮನಿ ಎಂದರೆ ಅಲೆಪ್ಪೊ ಕಡೆಯಿಂದ ಹಡಗಿನಲ್ಲಿ ಬರುವ, ಬಳ್ಳಿಯೊಂದರ ಬೇರಿನ ಒಣಗಿದ ಹಾಲು. ಅದನ್ನು ಹಾಗೇ ಕೊಟ್ಟರೆ ಕರುಳು ಕೀಳುತ್ತದೆ. ಹುಳಿ ಕ್ವಿನ್ಸ್ ಹಣ್ಣೊಂದರ ಹೊಟ್ಟೆ ಕೊರೆದು, ಅದರೊಳಗೆ ತುಂಬಿ, ಮೇಲೆ ಹಿಟ್ಟು ಮೆತ್ತಿ, ಬಿಸಿ ಬೂದಿಯಲ್ಲಿ ಹೂತು ಬೇಯಿಸಬೇಕು. ಹಣ್ಣಿನ ಹುಳಿಯಲ್ಲಿ ಅದರ ಸೊಕ್ಕು ಇಳಿದ ಮೇಲೆಯೇ ಗುಳಿಗೆಯ ಮಾತು. ಔಷಧಿ ಅಂಗಡಿಯವರಿಗೆಲ್ಲ ಇದು ಉಸಿರಾಡಿದಷ್ಟು ಸಹಜ. ಲ್ಯಾಟಿನ್ ಪುಸ್ತಕದಲ್ಲಿ ಇದಕ್ಕೆ ನಾಲ್ಕು ಸಾಲು ಇತ್ತು. ಎಲ್ಲಿಸ್ ಅದನ್ನು ಇಂಗ್ಲಿಷಿಗೆ ತಂದೂ ಇದ್ದ. ಆಮೇಲೆ ಹೊಡೆದುಹಾಕಿದ.

ಹೊಡೆದುಹಾಕಿದ್ದು ಸೇಂಟ್ ಪಾಲ್ಸ್ ಇಗರ್ಜಿಯ ಅಂಗಳದಲ್ಲಿ, ಪುಸ್ತಕ ಅಚ್ಚು ಹಾಕಿಸಿ ಮಾರುವ ಕ್ರೋಲ್ ಎದುರಿಗೆ. "ಇದು ಇನ್ನೊಂದು ಹಾಳೆಗೆ ಹೋದ್ರೆ ಆ ಕಾಗದದ ಖರ್ಚು ನನ್ನ ತಲೆ ಮೇಲೆ ಬರುತ್ತೆ. ಕೊಯ್ದು ಕೊಡಪ್ಪ," ಎಂದಿದ್ದ ಕ್ರೋಲ್. ಎಲ್ಲಿಸ್ ಅಲ್ಲೇ ನಿಂತು ಕೊಯ್ದ. ಗುಲಾಬಿ ನೀರಿನ ಹೊಗಳಿಕೆ ಹೋಯಿತು, ಜಿಗಣೆಯ ಬಗ್ಗೆ ಇದ್ದ ಹರಟೆ ಹೋಯಿತು. ಕ್ವಿನ್ಸ್ ಹಣ್ಣಿನ ಹತ್ತಿರ ಬಂದಾಗ, ಇದು ಯಾರಿಗೆ ಗೊತ್ತಿಲ್ಲ, ಇದನ್ನೂ ಬರೆದಿದ್ದಾನಲ್ಲ ಅಂತ ಔಷಧಿ ಅಂಗಡಿಯವರು ನಕ್ಕಾರು ಅನ್ನಿಸಿತು. ಗೆರೆ ಎಳೆದ.

ಅದೇ ಪುಸ್ತಕಕ್ಕೆ ಅವನು ಮುನ್ನುಡಿಯನ್ನೂ ಬರೆದಿದ್ದ. ವೈದ್ಯರು ಲ್ಯಾಟಿನ್ನಿನ ಪರದೆಯ ಹಿಂದೆ ಕೂತು ಬಡವರ ಪ್ರಾಣದ ಮೇಲೆ ವ್ಯಾಪಾರ ನಡೆಸುತ್ತಾರೆ ಎಂದು ಬರೆದಿದ್ದ. ರಾಜನ ತಲೆಯನ್ನೇ ಕಡಿದುಹಾಕಿದ ಮೇಲೆ ಈ ಪರದೆ ಇನ್ನೆಷ್ಟು ದಿನ ಎಂದು ಕೇಳಿದ್ದ. ಏನೂ ತಿಳಿಯದ ಹೆಣ್ಣುಮಗಳೊಬ್ಬಳು ತನ್ನ ಒಲೆಯ ಮುಂದೆ ಈ ಪುಸ್ತಕ ಬಿಚ್ಚಿ ನೆರೆಯವರ ಜೀವ ಉಳಿಸುವ ದಿನ ಬಂದಿದೆ ಎಂದು ಮುಗಿಸಿದ್ದ. ಗೆರೆ ಎಳೆಯುವಾಗ ಆ ಹೆಣ್ಣುಮಗಳು ಅವನ ತಲೆಯಲ್ಲಿ ಇರಲಿಲ್ಲ. ಈಗ ಎದುರಿಗೆ ನಿಂತಿದ್ದಳು, ಏಪ್ರನ್ನಿನ ತುಂಬ ನೆರೆಯವಳ ರಕ್ತ ಮಾಡಿಕೊಂಡು.

"ಇಲ್ಲಿ ನಾಲ್ಕು ಸಾಲು ಬಿಟ್ಟುಹೋಗಿದೆ, ಚಿಕ್ಕಮ್ಮ," ಅಂದ. ಅಲ್ಲಿಗೇ ನಿಲ್ಲಿಸಬಹುದಿತ್ತು. "ಅಚ್ಚಿನ ಮನೆಯವರು ಬಿಟ್ಟಿದಾರೆ."

ಹೇಳಲು ಏನೂ ಕಷ್ಟವಾಗಲಿಲ್ಲ. ಬರೆಯುವವರೆಲ್ಲ ಹೇಳುವ ಮಾತು ಅದು. ಯಾವ ಪುಸ್ತಕದ ಕೊನೆಯ ಪುಟ ತೆಗೆದರೂ ಇರುತ್ತದೆ: ತಪ್ಪುಗಳೆಲ್ಲ ಅಚ್ಚಿನವರವು, ಓದುಗರು ದಯವಿಟ್ಟು ತಾವೇ ಲೇಖನಿ ಹಿಡಿದು ತಿದ್ದಿಕೊಳ್ಳಬೇಕು. ಅಚ್ಚಿನವರು ಬೇಜಾರು ಮಾಡಿಕೊಳ್ಳುವುದಿಲ್ಲ. ಆ ಬೈಗುಳಕ್ಕೂ ಅಚ್ಚುಮೊಳೆ ಜೋಡಿಸುವವರು ಅವರೇ ತಾನೆ.

ಅರ್ಸುಲಾ ಉಸಿರು ಬಿಟ್ಟಳು. "ನಂಗೂ ಹಂಗೇ ಅನ್ನಿಸ್ತು. ನಮ್ಮ ಹುಡುಗ ಅಂಥಾದ್ದು ಬಿಡೋನಲ್ಲ ಅಂತ." ಆಮೇಲೆ ಮಂಚದ ಕಡೆ ಬಗ್ಗಿ, "ಕೇಳಿಸ್ತೇನೇ ಡಾರ್ಕಸ್, ಅಚ್ಚಿನ ಮನೆಯವರಂತೆ," ಎಂದಳು. ಡಾರ್ಕಸ್ ಕಣ್ಣು ತೆರೆಯದೆ, "ಯಾರಾದ್ರೂ ಆಗ್ಲಿ, ಪಾತ್ರೆ ಕೊಡು," ಅಂದಳು.

ಎಲ್ಲಿಸ್ ಓಡಿಹೋಗಿ ಬಾದಾಮಿ ಎಣ್ಣೆ ತಂದ, ಹಾಲು ತಂದ, ತನ್ನ ಕೈಯಾರೆ ಚಮಚದಲ್ಲಿ ಕುಡಿಸಿದ. ಡಾರ್ಕಸಳ ಮಗಳು ಅವನ ಕೈ ಹಿಡಿದು ಅತ್ತಳು, ನಿಮ್ಮಂಥವರು ಇದ್ದದ್ದಕ್ಕೆ ಆಯ್ತು ಅಂದಳು. ಅವನು ಆ ಕೈಯನ್ನು ಬಿಡಿಸಿಕೊಳ್ಳಲಿಲ್ಲ.

ಮಾರನೆಯ ದಿನ ಅರ್ಸುಲಾ ನೀರು ತುಂಬಿಕೊಂಡು ಬಂದವಳು ಬಿಂದಿಗೆ ಇಳಿಸುವ ಮೊದಲೇ ಶುರುಮಾಡಿದಳು.

"ನೀರಿನ ಕಟ್ಟೆ ಹತ್ರ ಇದ್ದೋರಿಗೆಲ್ಲ ಹೇಳ್ಬಿಟ್ಟೆ."

"ಏನಂತ?"

"ಇನ್ನೇನಂತ. ಆ ಡಾಕ್ಟ್ರ ಮನೆ ಅಡಿಗೆಯೋಳು ಇದ್ಲು. 'ಇಂಗ್ಲಿಷ್ ಪುಸ್ತಕ ಹೆಂಗಸ್ರ ಕೈಗೆ ಕೊಟ್ರೆ ಹೆಣ ಬೀಳ್ತವೆ ಅಂತ ನಮ್ಮ ಯಜಮಾನ್ರು ಆವತ್ತೇ ಹೇಳಿದ್ರು' ಅಂದ್ಲು. ನಾನು ಬಿಡ್ತೀನಾ? ಪುಸ್ತಕ ಸರಿಯಾಗೇ ಇದೆ ಕಣೆ, ಹಾಳು ಮಾಡಿದ್ದು ಆ ಕುರುಡ ಟೋಬಿಯಸ್ ಅಂದೆ."

ಟೋಬಿಯಸ್ ಹೋಲ್ಟ್ ನಮ್ಮ ಓಣಿಯ ಕೊನೆಯಲ್ಲಿದ್ದ. ಕ್ರೋಲ್‌ನ ಪುಸ್ತಕಗಳನ್ನು ಅಚ್ಚು ಹಾಕುವ ಮನೆಯಲ್ಲಿ ಮೊಳೆ ಜೋಡಿಸುವವನು. ಹೆಂಡತಿ ಹೋಗಿ ಬಹಳ ಕಾಲವಾಗಿತ್ತು. ಆ ಪುಸ್ತಕ ಜೋಡಿಸಿದ್ದು ತಾನೇ ಎಂದು ಹೆಮ್ಮೆಯಿಂದ ಎಲ್ಲರಿಗೂ ಹೇಳಿಕೊಂಡಿದ್ದ.

"ಅವನ ಹೆಸರು ಯಾಕೆ ಎತ್ತಿದ್ರಿ?" ಅಂದ ಎಲ್ಲಿಸ್.

"ಇನ್ಯಾರದ್ದು ಎತ್ಲಿ? ನಿಂದಾ?"

ಎಲ್ಲಿಸ್ ಟೋಪಿ ಹಾಕಿಕೊಂಡು ಕ್ರೋಲ್‌ನ ಅಂಗಡಿಗೆ ಹೊರಟ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡ. ಅದರ ಜೊತೆಗೇ ಇನ್ನೊಂದು ಮಾತೂ ನಡೆದಿತ್ತು: ನಾನು ಒಪ್ಪಿಕೊಂಡರೆ ವೈದ್ಯರು ಗೆದ್ದ ಹಾಗೆ, ಇಂಗ್ಲಿಷಿನಲ್ಲಿ ಔಷಧಿ ಬರೆಯುವವರೆಲ್ಲ ಸೋತ ಹಾಗೆ, ಇದು ನನ್ನೊಬ್ಬನ ವಿಷಯವಲ್ಲ. ಈ ಎರಡನೆಯ ಮಾತು ಎಷ್ಟು ಚೆನ್ನಾಗಿ ಕೂಡಿಬಂದಿತೆಂದರೆ ಅವನಿಗೇ ಅಸಹ್ಯವಾಯಿತು.

ಕ್ರೋಲ್‌ಗೆ ಸುದ್ದಿ ತಲುಪಿತ್ತು. "ಆ ಮುದುಕ ಟೋಬಿಯಸ್‌ಗೆ ಅಚ್ಚಿನ ಮನೆಯವರು ಸೋಮವಾರದಿಂದ ಬರಬೇಡ ಅಂತಾರಂತೆ. ಒಳ್ಳೇದೇ ಆಯ್ತು. ಊರಿಗೆ ಒಬ್ಬ ಸಿಕ್ಕ ಹಾಗಾಯ್ತು ಬೈಯೋಕೆ."

"ನನ್ನ ಕೈಬರಹ ಎಲ್ಲಿ?"

"ಅಚ್ಚಾದ ಮೇಲೆ ಅದನ್ನ ಯಾರಪ್ಪ ಇಟ್ಕೋತಾರೆ? ಪೈ ಕಡುಬು ಸುಡೋನಿಗೆ ಹೋಯ್ತು, ತಟ್ಟೆಗೆ ಹಾಸೋಕೆ."

"ಆವತ್ತು ನಾನು ಕೊಯ್ದಿದ್ದು ನಿಮಗೆ ನೆನಪಿದೆಯಲ್ಲ?"

ಕ್ರೋಲ್ ಪುಸ್ತಕಗಳ ಧೂಳು ಹೊಡೆಯುತ್ತ, "ನಾನೇನು ಓದ್ತೀನಾ?" ಅಂದ. "ನಾನು ಕಾಗದ ಎಣಿಸೋನು."

ಹಾಗಾದರೆ ಯಾರಿಗೂ ಎಂದಿಗೂ ಗೊತ್ತಾಗುವುದಿಲ್ಲ. ಎಲ್ಲಿಸ್‌ನ ಎದೆ ಹಗುರಾಯಿತು. ಆ ಹಗುರಕ್ಕೆ ಅವನ ಕಿವಿಯವರೆಗೆ ಬಿಸಿಯೇರಿತು. ಆದರೂ ಹೇಳಬೇಕೆಂದು ಬಂದದ್ದನ್ನು ಹೇಳದೆ ಅಂಗಡಿಯಿಂದ ಇಳಿದು ಬಂದ.

ಶನಿವಾರ ಮಧ್ಯಾಹ್ನ ಅರ್ಸುಲಾ ಸೇಬಿನ ಸಿಪ್ಪೆ ತೆಗೆಯುತ್ತಿದ್ದಳು, ಎಲ್ಲಿಸ್ ಒಲೆಯ ಪಕ್ಕ ಕೂತಿದ್ದ. ಬಾಗಿಲಲ್ಲಿ ಟೋಬಿಯಸ್ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ.

"ಒಳಗೆ ಬರ್ಲಾ, ತಾಯಿ?"

"ಅರ್ಧ ಬಂದಾಗಿದೆಯಲ್ಲ, ಇನ್ನರ್ಧನೂ ಬಾ."

ಅವನು ಬಂದ, ಕೂರಲಿಲ್ಲ. "ಡಾರ್ಕಸಮ್ಮನ ಮನೆಗೆ ಹೋಗಿದ್ದೆ, ಕ್ಷಮೆ ಕೇಳೋಣ ಅಂತ. ಮಗಳು ಬಾಗಿಲು ತೆಗೀಲಿಲ್ಲ. ನೀವಾದ್ರೂ ನನ್ನ ಪರವಾಗಿ ಒಂದು ಮಾತು ಹೇಳ್ತೀರೇನೋ ಅಂತ ಬಂದೆ." ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಆ ಪುಟ ನೆನಪು ಮಾಡ್ಕೊಳ್ಳೋಕೆ ನೋಡ್ದೆ. ಬರ್ತಾನೇ ಇಲ್ಲ. ಕೈ ಜೋಡಿಸ್ತಾ ಇರುತ್ತೆ, ತಲೆ ಎಲ್ಲೋ ಇರುತ್ತೆ. ಒಂದು ಸಾಲು ಹಾರೋದು ಎಲ್ರಿಗೂ ಇದ್ದದ್ದೇ. ನಾಲ್ಕು ಸಾಲು ಹಾರಿದೆ ಅಂದ್ರೆ ಕಣ್ಣು ಹೋಯ್ತು ಅಂತಾನೇ ಲೆಕ್ಕ. ನಮ್ಮಪ್ಪನಿಗೂ ಹಿಂಗೇ ಶುರುವಾಗಿದ್ದು." ಆಮೇಲೆ ಎಲ್ಲಿಸ್ ಕಡೆ ತಿರುಗಿದ. "ನಿಮ್ಮ ಪುಸ್ತಕಕ್ಕೂ ಕೆಟ್ಟ ಹೆಸರು ತಂದೆ, ಮೇಷ್ಟ್ರೇ. ಅಷ್ಟು ಚೆನ್ನಾಗಿ ಬರೆದಿದ್ರಿ."

ಅರ್ಸುಲಾ ಬೈದಿದ್ದರೆ ಎಲ್ಲಿಸ್ ಇನ್ನೂ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದನೋ ಏನೋ. ಅವಳು ಬೈಯಲಿಲ್ಲ. ಚಾಕು ಪಕ್ಕಕ್ಕಿಟ್ಟು ಎದ್ದು ಲೋಟಕ್ಕೆ ಬಿಯರ್ ಬಗ್ಗಿಸಿ ಅವನ ಕೈಗೆ ಕೊಟ್ಟಳು. "ಕೂತ್ಕೋ. ವಯಸ್ಸಾಯ್ತಲ್ಲ, ಏನು ಮಾಡ್ತೀಯ. ನಾನೂ ಕಟ್ಟೆ ಹತ್ರ ಜೋರಾಗಿ ಮಾತಾಡ್ಬಿಟ್ಟೆ."

"ಅವನು ಬಿಟ್ಟಿಲ್ಲ," ಅಂದ ಎಲ್ಲಿಸ್.

ಇಬ್ಬರೂ ನೋಡಿದರು.

"ಆ ಸಾಲು ಅವನ ಕೈಗೆ ಹೋಗೇ ಇರ್ಲಿಲ್ಲ. ಹಾಳೆ ಜಾಸ್ತಿಯಾಗುತ್ತೆ ಅಂತ ನಾನೇ ಹೊಡೆದುಹಾಕಿದ್ದೆ. ಗುರುವಾರ ನಾನು ಹೇಳಿದ್ದು ಸುಳ್ಳು."

ಟೋಬಿಯಸ್ ಲೋಟವನ್ನು ನಿಧಾನವಾಗಿ ಮೇಜಿನ ಮೇಲಿಟ್ಟ. "ಅಂದ್ರೆ ನನ್ನ ಕಣ್ಣು?"

"ಸರಿಯಾಗಿದೆ."

ಮುದುಕ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಭುಜ ಕುಲುಕಿತು. ಅಳುತ್ತಿದ್ದಾನೆ ಅಂದುಕೊಂಡರೆ ನಗುತ್ತಿದ್ದ. "ಎರಡು ದಿನದಿಂದ ಒಂದು ಕಣ್ಣು ಮುಚ್ಕೊಂಡು, ಇನ್ನೊಂದು ಮುಚ್ಕೊಂಡು, ಇಗರ್ಜಿ ಗಡಿಯಾರ ನೋಡ್ತಾ ಇದೀನಿ ಕಣ್ರೀ," ಅಂದ. "ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ, ಮೇಷ್ಟ್ರೇ." ಎದ್ದು ಎಲ್ಲಿಸ್‌ನ ಕೈ ಹಿಡಿದು ಕುಲುಕಿದ. ಒಂದು ಏಟು ಬಿದ್ದಿದ್ದರೆ ಎಲ್ಲಿಸ್‌ಗೆ ಅದನ್ನು ತಡೆದುಕೊಳ್ಳುವುದು ಗೊತ್ತಿತ್ತು. ಇದಕ್ಕೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಅರ್ಸುಲಾ ಸೇಬಿನ ಕಡೆ ನೋಡುತ್ತಿದ್ದಳು.

"ಯಾಕೆ ಹೊಡೆದುಹಾಕ್ದೆ?"

"ಎಲ್ಲರಿಗೂ ಗೊತ್ತಿರುತ್ತೆ ಅಂದ್ಕೊಂಡೆ."

"ನಂಗೆ ಗೊತ್ತಿರ್ಲಿಲ್ಲ," ಅಂದಳು ಅವಳು.

ಎದ್ದು ಶಾಲು ಹೊದ್ದು, ಖಾಲಿ ಬಿಂದಿಗೆ ಎತ್ತಿಕೊಂಡಳು.

"ಏಳು. ನಾಳೆ ಭಾನುವಾರ, ನೀರು ತರೋ ಹಾಗಿಲ್ಲ, ಈಗ ಎಲ್ರೂ ಅಲ್ಲೇ ಇರ್ತಾರೆ."

"ಚಿಕ್ಕಮ್ಮ, ಕ್ರೋಲ್‌ಗೆ ಹೇಳಿ ಒಂದು ಚೀಟಿ ಅಚ್ಚು ಹಾಕಿಸ್ತೀನಿ. ಪ್ರತಿ ಪುಸ್ತಕಕ್ಕೂ ಅಂಟಿಸೋ ಹಾಗೆ."

"ಹಾಕಿಸು. ಅದು ಬರೋದ್ರೊಳಗೆ ಎಲ್ಲೆಲ್ಲಿ ಯಾರು ಗುಳಿಗೆ ಕಟ್ತಿರ್ತಾರೋ. ಆ ಪುಸ್ತಕ ಕೊಂಡ್ಕೊಳ್ಳಿ ಅಂತ ಮನೆಮನೆಗೆ ಹೋಗಿ ಹೇಳಿದ್ದು ನಾನು."

ಕಟ್ಟೆಯ ಹತ್ತಿರ ಸಾಲು ಬೀದಿಯವರೆಗೆ ಬಂದಿತ್ತು. ಹೆಂಗಸರು, ನೀರು ಹೊರುವ ಗಂಡಸರು, ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತವರು. ವೈದ್ಯರ ಮನೆಯ ಅಡಿಗೆಯವಳು ಮುಂದೆಯೇ ಇದ್ದಳು. ಅರ್ಸುಲಾ ಸಾಲಿನಲ್ಲಿ ನಿಲ್ಲದೆ ನೇರ ಕೊಳವೆಯ ಹತ್ತಿರ ಹೋಗಿ, "ನಮ್ಮ ಹುಡುಗ ಒಂದು ಮಾತು ಹೇಳ್ತಾನೆ," ಅಂದಳು. ಅವನ ಮುಖ ನೋಡಲಿಲ್ಲ.

ಎಲ್ಲಿಸ್ ಹಣ್ಣಿನಿಂದ ಶುರುಮಾಡಿದ. ಹೊಟ್ಟೆ ಹೇಗೆ ಕೊರೆಯಬೇಕು, ಹಿಟ್ಟು ಎಷ್ಟು ದಪ್ಪ ಮೆತ್ತಬೇಕು, ಬೂದಿ ಎಷ್ಟು ಬಿಸಿ ಇರಬೇಕು. ಅವರು ಗಮನವಿಟ್ಟು ಕೇಳಿದರು. "ಕ್ವಿನ್ಸ್ ಸಿಗದಿದ್ರೆ?" ಅಂದಳು ಒಬ್ಬಳು. "ಸಿಗದಿದ್ರೆ ಸ್ಕಾಮನಿ ಮುಟ್ಟಲೇಬೇಡಿ," ಅಂದ. ಕೆಲವರು ತಲೆಯಾಡಿಸಿದರು. ಅವನು ಹೇಳಿ ಮುಗಿಸಿದವನ ಹಾಗೆ ಟೋಪಿ ಸರಿಮಾಡಿಕೊಂಡ.

"ಅದೆಲ್ಲ ಸರಿ ಸ್ವಾಮಿ," ಅಂದಳು ಅಡಿಗೆಯವಳು. "ಪುಸ್ತಕದಲ್ಲಿ ಅದನ್ನ ಬಿಟ್ಟಿದ್ದು ಯಾರು?"

"ನಾನು," ಅಂದ ಎಲ್ಲಿಸ್.

ಕೊಳವೆಯ ನೀರು ಯಾರದೋ ಬಕೆಟ್ಟಿಗೆ ಜೋರಾಗಿ ಬೀಳುತ್ತಿತ್ತು. ಹಿಂದೆ ನಿಂತವರಲ್ಲಿ ಒಬ್ಬಳು, "ಏನಂದ್ರು? ಕೇಳಿಸ್ಲಿಲ್ಲ," ಅಂದಳು. ಯಾರೂ ಅವಳಿಗೆ ಹೇಳಲಿಲ್ಲ. ಬಕೆಟ್ಟಿನವಳು ಕೈ ಚಾಚಿ ಬಿರಟೆ ತಿರುಗಿಸಿದಳು. ನೀರು ನಿಂತಿತು.

ಎಲ್ಲಿಸ್ ಇನ್ನೊಂದು ಸಲ ಹೇಳಿದ.