ಎರಡು ದನಿಯ ಅಕ್ಷರ

"ಈ ಘಟನೆಯ ಬಗ್ಗೆ ಯುಗಾಮ್ ವ್ಯಕ್ತಪಡಿಸುತ್ತೇನೆ," ಎಂದು ಮಾ ಜೊಂಗ್‌ದು ಕೈಯಲ್ಲಿದ್ದ ಚೀಟಿ ನೋಡಿಕೊಂಡು ಹೇಳಿದ. ಹೇಳಿ ಮುಗಿಸಿ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪಕ್ಕದಲ್ಲಿದ್ದ ವಕೀಲನ ಕಡೆ ತಳ್ಳಿದ. ಕೋಣೆಯಲ್ಲಿದ್ದವರೆಲ್ಲ ದುಭಾಷಿ ನಾಮ್ ಗುಮ್‌ಸುನ್ ಕಡೆ ತಿರುಗಿದರು.

ಗುಮ್‌ಸುನ್ ಮೇಜಿನ ಕೆಳಗೆ ಚಪ್ಪಲಿ ಕಳಚಿ ಕೂತಿದ್ದಳು. ಐವತ್ತೇಳರ ಪಾದಗಳು ಸಂಜೆಯ ಹೊತ್ತಿಗೆ ಊದಿಕೊಳ್ಳುತ್ತಿದ್ದವು. ಅಂದು ಅವಳಿಗೆ ಅದು ಮೂರನೆಯ ಕೆಲಸ. ಬೆಳಿಗ್ಗೆ ಹೆರಿಗೆ ವಾರ್ಡಿನಲ್ಲಿ ಒಬ್ಬಳ ನೋವನ್ನು ಚೀನಿಯಿಂದ ಕೊರಿಯನ್ನಿಗೆ ದಾಟಿಸಿದ್ದಳು. ಮಧ್ಯಾಹ್ನ ಪೊಲೀಸ್ ಠಾಣೆಯಲ್ಲಿ ಒಬ್ಬನ ಸುಳ್ಳನ್ನು. ಈಗ ಇದು. ಪಕ್ಕದಲ್ಲಿ ಲುವಾನ್ ಶುಫಾಂಗ್ ಕೈಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು ಕೂತಿದ್ದಳು. ಚೀನಾದ ಹಾರ್ಬಿನ್ನಿನಿಂದ ಆಚೆ ಎಂಟು ಗಂಟೆ ಬಸ್ಸಿನ ದಾರಿಯ ಹಳ್ಳಿಯವಳು. ಅವಳ ಒಬ್ಬನೇ ಮಗ ತಾನ್ ಹೈಫಂಗ್ ಕೊರಿಯದ ಈ ಆನ್ಸಾನ್ ಊರಿನಲ್ಲಿ, ಮಾ ಜೊಂಗ್‌ದುವಿನ ಲೋಹಲೇಪನದ ಕಾರ್ಖಾನೆಯಲ್ಲಿ, ಆಮ್ಲದ ತೊಟ್ಟಿ ತೊಳೆಯಲು ಇಳಿದವನು ಮೇಲೆ ಬಂದಿರಲಿಲ್ಲ. ಅದಾಗಿ ನಲವತ್ತಮೂರು ದಿನ. ಹೆಣ ಆಸ್ಪತ್ರೆಯ ಶೈತ್ಯಕೋಣೆಯಲ್ಲೇ ಇತ್ತು. ಪರಿಹಾರದ ಮಾತು ಮೊದಲ ವಾರವೇ ಮುಗಿದಿತ್ತು. ಶುಫಾಂಗ್ ಹಟ ಹಿಡಿದು ಕೂತದ್ದು ಬೇರೆಯದಕ್ಕೆ: ಕಾರ್ಖಾನೆಯ ಯಜಮಾನ ಬಂದು ತನ್ನದು ತಪ್ಪು ಎಂದು ಹೇಳಬೇಕು, ಅಲ್ಲಿಯವರೆಗೆ ಮಗನನ್ನು ಸುಡಲು ಬಿಡುವುದಿಲ್ಲ. ಅವಳ ವೀಸಾ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಅಂದು ಮಂಗಳವಾರ.

ಯುಗಾಮ್. ವಿಷಾದಕ್ಕೆ ಮಂತ್ರಿಗಳು ಪತ್ರಿಕೆಯವರ ಮುಂದೆ ಬಳಸುವ ಮಾತು. ಬಾಗುತ್ತದೆ, ಆದರೆ ಮಣಿಯುವುದಿಲ್ಲ. ಚೀನಿಯಿಂದಲೇ ಬಂದದ್ದು, ಅಲ್ಲೂ ಬರೆಯುವುದು ಅವೇ ಎರಡು ಅಕ್ಷರಗಳಿಂದ. ಓದುವುದು ಯಿಹಾನ್ ಎಂದು. ಆದರೆ ಶುಫಾಂಗಳ ಹಳ್ಳಿಯ ಕಿವಿಗೆ ಅದರ ಅರ್ಥ 'ಛೆ, ಹೀಗಾಗಬಾರದಿತ್ತು' ಎಂಬಷ್ಟೇ. ಮದುವೆಗೆ ಹೋಗಲಾಗದಿದ್ದರೆ ಹೇಳುವ ಮಾತು.

"ಹೇಳಿ ಮೇಡಂ," ಎಂದ ರಾಜಿ ಮಾಡಿಸಲು ಕೂತಿದ್ದ ಪ್ಯೊ. ನಿವೃತ್ತ ಪ್ರಾಧ್ಯಾಪಕ, ಮಾನವ ಹಕ್ಕುಗಳ ಬಗ್ಗೆ ಊರೂರು ತಿರುಗಿ ಭಾಷಣ ಮಾಡಿದವನು. ಸ್ವಭಾವ ಒಳ್ಳೆಯದು, ಮಾತು ಉದ್ದ. "ಅಕ್ಷರ ಅಕ್ಷರ ಹಿಡ್ಕೊಂಡು ಒದ್ದಾಡ್ಬೇಡಿ. ಜೀವದ ಬೆಲೆ, ಕ್ಷಮೆ, ಇವೆಲ್ಲ ಯಾವ ದೇಶದಲ್ಲಾದ್ರೂ ಒಂದೇ ತಾನೆ? ಕೊರಿಯ ಆಗ್ಲಿ, ಚೀನಾ ಆಗ್ಲಿ. ಅವರ ಭಾವನೆ ಇವರಿಗೆ ಮುಟ್ಟಿದ್ರೆ ಸಾಕು."

ಗುಮ್‌ಸುನ್ ಮಾ ಜೊಂಗ್‌ದುವಿನ ಮುಖ ನೋಡಿದಳು. ಎಪ್ಪತ್ತರ ಹತ್ತಿರದ ಮುದುಕ, ಆಮ್ಲದ ಕಲೆ ಬಿದ್ದ ಬೆರಳುಗಳು. ಅವನ ಭಾವನೆ ಏನು ಎಂದು ಆ ಮುಖದಿಂದ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿ ವಕೀಲ ಕೈಗಡಿಯಾರ ನೋಡಿಕೊಂಡ. ಇದು ಐದನೆಯ ಸಭೆ. ನಾಲ್ಕು ಸಭೆಗಳಲ್ಲಿ ಅವಳು ಇದೇ ಮಾತನ್ನು ಇದ್ದ ಹಾಗೇ ದಾಟಿಸಿ, ಶುಫಾಂಗ್ ತಲೆಯಲ್ಲಾಡಿಸಿ ಎದ್ದುಹೋಗುವುದನ್ನು ನೋಡಿದ್ದಳು. ಮನೆಗೆ ಹೋಗಿ ಕಾಲನ್ನು ಬಿಸಿನೀರಲ್ಲಿ ಇಟ್ಟುಕೊಂಡರೆ ಸಾಕಾಗಿತ್ತು.

"ಅಕ್ಕ," ಎಂದಳು ಚೀನಿಯಲ್ಲಿ, "ಯಜಮಾನ್ರು ಹೇಳ್ತಿದಾರೆ, ತಪ್ಪಾಯ್ತು ಅಂತ. ತಪ್ಪು ನಂದೇ ಅಂತ."

ಶುಫಾಂಗ್ ಕೈಚೀಲವನ್ನು ಕುರ್ಚಿಯ ಮೇಲಿಟ್ಟು, ಮೇಜನ್ನು ಸುತ್ತಿ ಬಂದು, ಮಾ ಜೊಂಗ್‌ದುವಿನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಹೇಳಿದ್ರಲ್ಲ. ಇಷ್ಟು ದಿನ ಕಾದಿದ್ದು ಸಾರ್ಥಕ ಆಯ್ತು," ಎಂದಳು. "ಅವನನ್ನ ವಾಪಸ್ ಕೊಡಿ ಅಂತ ಕೇಳೋಕೆ ನಾನೇನು ಹುಚ್ಚಿ ಅಲ್ಲ. ನೀವು ಕೊಡಿಸಿದ ಸ್ವೆಟರ್ರು ಹಾಕ್ಕೊಂಡು ಫೋಟೋ ಕಳ್ಸಿದ್ದ. ಕೆಟ್ಟವರಲ್ಲಮ್ಮ ಅಂತಿದ್ದ. ತಪ್ಪಾಯ್ತು ಅಂದ್ರಲ್ಲ, ಇನ್ನು ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ."

ಮುದುಕ ಕೈ ಬಿಡಿಸಿಕೊಳ್ಳಲಿಲ್ಲ, ಗುಮ್‌ಸುನ್ ಕಡೆ ನೋಡಿದ. "ಏನಂತಿದಾರೆ?"

ವಕೀಲನ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. "ನಿಮ್ಮ ಮೇಲೆ ಸಿಟ್ಟಿಲ್ಲವಂತೆ," ಎಂದಳು ಗುಮ್‌ಸುನ್. ಉಳಿದದ್ದನ್ನು ನುಂಗಿಕೊಂಡಳು.

"ಸಿಟ್ಟಿಲ್ವಾ?" ಮುದುಕನ ಮುಖ ಬಿಳಿಚಿತು. "ಯಾಕೆ? ನಾನಿನ್ನೂ ಏನೂ ಹೇಳೇ ಇಲ್ವಲ್ಲ."

"ಸಾರ್, ಸಾಕು," ಎಂದ ವಕೀಲ ತಗ್ಗಿದ ದನಿಯಲ್ಲಿ.

"ನೋಡಿದ್ರಾ!" ಪ್ಯೊನ ಕಣ್ಣು ಒದ್ದೆಯಾಗಿತ್ತು. "ನಾನು ಹೇಳ್ಲಿಲ್ವಾ? ಭಾಷೆ ಅನ್ನೋದು ಬರೀ ಬೇಲಿ. ಮನುಷ್ಯರಿಗೆ ಮನುಷ್ಯರು ಅರ್ಥ ಆಗೇ ಆಗ್ತಾರೆ."

ವಕೀಲ ಒಪ್ಪಂದದ ಎರಡು ಪ್ರತಿಗಳನ್ನು ಮೇಜಿನ ಮೇಲೆ ಇಟ್ಟ. ಒಂದು ಕೊರಿಯನ್ನಿನಲ್ಲಿ, ಒಂದು ಚೀನಿಯಲ್ಲಿ. ಶುಫಾಂಗ್ ಕಣ್ಣೊರೆಸಿಕೊಂಡು ತನ್ನ ಕುರ್ಚಿಗೆ ಮರಳಿ, ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡಳು. ಅವಳಿಗೆ ಓದಲು ಬರುತ್ತದೆ ಎಂಬುದು ಗುಮ್‌ಸುನ್‌ಗೆ ಗೊತ್ತಿದ್ದ ವಿಷಯವೇ. ದಣಿದ ತಲೆಗೆ ಹೊಳೆದಿರಲಿಲ್ಲ. ಶುಫಾಂಗ್ ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದಿದಳು. ಎರಡನೆಯ ಪುಟದ ನಡುವೆ ಬೆರಳು ನಿಂತಿತು.

"ತಂಗಿ, ಇಲ್ಲಿ ಯಿಹಾನ್ ಅಂತಿದೆ."

"ಹೌದಕ್ಕ."

"ಇಲ್ಲಿಗೆ ಹೊರಟ ದಿನ ನಮ್ಮೂರ ಬಸ್ಸು ತಪ್ಪಿಹೋಯ್ತು. ಅದು ಯಿಹಾನ್. ನನ್ನ ಮಗ ಸತ್ತಿದ್ದಕ್ಕೂ ಅದೇನಾ? ಬಾಯಲ್ಲಿ ಹೇಳಿದ್ದು ಬೇರೆ, ಕಾಗದದಲ್ಲಿ ಇರೋದು ಬೇರೆನಾ?"

ಬರೆದವರ ತಪ್ಪು, ತಿದ್ದಿಸೋಣ ಎಂದು ಹೇಳಬಹುದಿತ್ತು. ಇನ್ನೊಂದು ಸುಳ್ಳು, ಅಷ್ಟೇ. ಆದರೆ ಅದನ್ನು ಕಟ್ಟುವುದಕ್ಕೂ ಗುಮ್‌ಸುನ್‌ಗೆ ತ್ರಾಣವಿರಲಿಲ್ಲ.

"ಬಾಯಲ್ಲೂ ಅದನ್ನೇ ಹೇಳಿದ್ದು ಅಕ್ಕ. ತಪ್ಪಾಯ್ತು ಅಂತ ಅವ್ರು ಹೇಳ್ಲಿಲ್ಲ. ನಾನು ಹೇಳ್ದೆ."

"ಅಂದ್ರೆ ಆ ಮಾತು ನಿಂದು."

"ನಂದು."

ಶುಫಾಂಗ್ ಕನ್ನಡಕ ಮಡಿಸಿ ಚೀಲಕ್ಕೆ ಹಾಕಿದಳು. ಮಾ ಜೊಂಗ್‌ದುವಿನ ಕೈ ಹಿಡಿದಿದ್ದ ತನ್ನ ಅಂಗೈಗಳನ್ನು ಒಮ್ಮೆ ನೋಡಿಕೊಂಡಳು. ಬಾಗಿಲ ಕಡೆ ನಡೆದಳು.

ಆಗಿದ್ದನ್ನೆಲ್ಲ ಗುಮ್‌ಸುನ್ ಕೊರಿಯನ್ನಿನಲ್ಲಿ ಹೇಳಿದಳು, ಬಸ್ಸಿನ ಮಾತನ್ನೂ ಬಿಡದೆ. ವಕೀಲ ಎದ್ದುನಿಂತು ಇದು ದಾಖಲಾಗಬೇಕು ಎಂದ. "ಹತ್ತೊಂಬತ್ತು ವರ್ಷದ ಅನುಭವ ಅಂತ ನಿಮ್ಮನ್ನ ಕರೆಸಿದ್ದು ಮೇಡಂ," ಎಂದ ಪ್ಯೊ, ಅವಳ ಕೊರಳಿನ ಗುರುತಿನ ಚೀಟಿಗಾಗಿ ಕೈ ಚಾಚುತ್ತ. ಮಾ ಜೊಂಗ್‌ದು ಮಾತ್ರ ಕೂತಲ್ಲೇ ಇದ್ದ. ಅವನ ಬಲಗೈ ಮೇಜಿನ ಮೇಲೆ, ಬಿಟ್ಟ ಜಾಗದಲ್ಲೇ ಇತ್ತು.

ಮರುದಿನ ಗುಮ್‌ಸುನ್‌ಗೆ ಕೆಲಸವಿರಲಿಲ್ಲ. ಮುಂದೆಯೂ ಸಿಗುವ ಹಾಗಿರಲಿಲ್ಲ. ತುಮೆನ್ ನದಿಯ ಚೀನಾ ದಡದ ಕೊರಿಯನ್ ಮನೆಯಲ್ಲಿ ಹುಟ್ಟಿ, ಈ ದೇಶಕ್ಕೆ ಬಂದು ಹೋಟೆಲಿನಲ್ಲಿ ಪಾತ್ರೆ ತಿಕ್ಕಿ, ಆಮೇಲೆ ಈ ಕೆಲಸಕ್ಕೆ ಸೇರಿದವಳು. ಅಲ್ಲಿ ಅವಳು ಕೊರಿಯದವಳು, ಇಲ್ಲಿ ಚೀನಾದವಳು. ಎರಡೂ ಕಡೆಯವರ ಬಾಯಾಗಿ ಇದ್ದವಳಿಗೆ ಬೆಳಿಗ್ಗೆ ಎದ್ದಾಗ ಯಾರ ಮಾತನ್ನೂ ಆಡಬೇಕಾಗಿಲ್ಲ ಎನ್ನುವುದು ವಿಚಿತ್ರವೆನಿಸಿತು. ಕುಂಬಳಕಾಯಿ ಗಂಜಿ ಮಾಡಿ ಬುತ್ತಿಗೆ ಹಾಕಿಕೊಂಡು ಆಸ್ಪತ್ರೆಯ ಬಸ್ಸು ಹತ್ತಿದಳು.

ಶವಾಗಾರದ ಮುಂದಿನ ಪಡಸಾಲೆಯಲ್ಲಿ, ದಿನವೂ ಕೂರುವ ಬೆಂಚಿನಲ್ಲೇ ಶುಫಾಂಗ್ ಕೂತಿದ್ದಳು. ಬುತ್ತಿಯ ಕಡೆ ನೋಡಲಿಲ್ಲ.

"ಯಾಕೆ ಹಂಗೆ ಹೇಳ್ದೆ?" ಎಂದಳು.

ಬಸ್ಸಿನಲ್ಲಿ ಬರುವಾಗ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಗುಮ್‌ಸುನ್‌ಗೆ ಮರೆತುಹೋದವು. "ಸುಸ್ತಾಗಿತ್ತು ಅಕ್ಕ. ಕಾಲು ನೋಯ್ತಿತ್ತು. ಬೇಗ ಮುಗೀಲಿ ಅನ್ನಿಸ್ತು."

"ನನ್ನ ಮೇಲೆ ಕನಿಕರ ಬಂತು ಅಂತ ಅಲ್ವಾ?"

"ಅದೂ ಸ್ವಲ್ಪ ಇತ್ತು. ಕಾಲೇ ಜಾಸ್ತಿ."

ಶುಫಾಂಗ್ ಮೂಗಿನಲ್ಲಿ ಸಣ್ಣಗೆ ಉಸಿರು ಬಿಟ್ಟಳು. ನಗುವೋ ಬೇಸರವೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬುತ್ತಿಯನ್ನು ತನ್ನ ಕಡೆ ಎಳೆದುಕೊಂಡಳು. "ಉಪ್ಪು ಕಡಿಮೆ ಆಗಿದೆ," ಎಂದಳು ಎರಡು ಚಮಚ ತಿಂದು. ಮತ್ತೆ ತಿಂದಳು.

ಮಧ್ಯಾಹ್ನ ಮಾ ಜೊಂಗ್‌ದು ಬಂದ. ವಕೀಲ ಜೊತೆಗಿರಲಿಲ್ಲ. ಕಾರ್ಖಾನೆಯ ನೀಲಿ ಅಂಗಿಯಲ್ಲೇ ಇದ್ದ. ಬೆಂಚಿನ ಮುಂದೆ ಬಂದು ಮಂಡಿಯೂರಲು ಹೋದವನನ್ನು ಶುಫಾಂಗ್ ಕೈ ಅಡ್ಡ ಹಿಡಿದು ತಡೆದಳು.

"ಅದೆಲ್ಲ ಬೇಡ ಅನ್ನು. ನಮ್ಮಲ್ಲೂ ಮಂಡಿ ಊರ್ತಾರೆ. ಊರಿ ಎದ್ದು ಹೋಗ್ತಾರೆ. ಏನು ಹೇಳೋಕೆ ಬಂದ್ರು ಕೇಳು."

ಗುಮ್‌ಸುನ್ ಹೇಳಿದಳು. ಮುದುಕ ಎದುರಿನ ಬೆಂಚಿನಲ್ಲಿ ಕೂತ. ಕ್ಯಾಪು ತೆಗೆದು ಕೈಯಲ್ಲಿ ತಿರುಗಿಸತೊಡಗಿದ.

"ಸರಿಯಾದ ಮಾತು ಯಾವುದು ಅಂತ ನಂಗೆ ಗೊತ್ತಾಗ್ತಿಲ್ಲ ತಾಯಿ. ಆಗಿದ್ದನ್ನ ಹೇಳ್ತೀನಿ. ತೊಟ್ಟಿ ಕೋಣೆ ವಿಷದ ಗಾಳಿ ಹೊರಗೆ ಹಾಕೋ ಯಂತ್ರ ಕೆಟ್ಟಿತ್ತು."

"ಸ್ವಲ್ಪ ತಡೀರಿ," ಎಂದಳು ಗುಮ್‌ಸುನ್. "ನೀವು ಹೇಳಿದ್ದನ್ನ ನಾನು ಕೇಳಿಸ್ಕೊಂಡ್ರೆ ನಾಳೆ ಕೋರ್ಟಿನಲ್ಲಿ ಕರೆದಾಗ ಹೇಳ್ಬೇಕಾಗತ್ತೆ. ನಿಮ್ಮ ವಕೀಲ್ರು ಇಲ್ಲಿಲ್ಲ. ಯೋಚ್ನೆ ಮಾಡಿ."

"ರಾತ್ರಿಯೆಲ್ಲ ಅದೇ ಮಾಡ್ದೆ. ಹೇಳಮ್ಮ."

ಅವನು ಹೇಳುತ್ತ ಹೋದ, ಅವಳು ದಾಟಿಸುತ್ತ ಹೋದಳು. ಗಾಳಿ ಯಂತ್ರ ನಿಂತು ಹತ್ತು ದಿನವಾಗಿತ್ತು. ನಾಲ್ಕನೆಯ ದಿನ, ಮಂಗಳವಾರ, ಹೈಫಂಗ್ ಬಂದು ಹೇಳಿದ. ಚುಸೊಕ್ ಹಬ್ಬ ಮುಗಿಯಲಿ ಎಂದು ತಾನು ಹೇಳಿದೆ. ರಿಪೇರಿಯವನು ಎರಡು ಬೀದಿ ಆಚೆ ಇದ್ದಾನೆ. ಒಂದು ಫೋನು ಮಾಡಿದ್ದರೆ ಬರುತ್ತಿದ್ದ. ಸೋಮವಾರ ಹೈಫಂಗನನ್ನು ತೊಟ್ಟಿಗೆ ಇಳಿಸಿದ್ದು ತಾನೇ. ಮುಖವಾಡ ಇತ್ತು, ಆದರೆ ಅದು ಧೂಳಿಗೆ ಹಾಕುವಂಥದ್ದು.

ಹತ್ತು ದಿನ. ಮಂಗಳವಾರ. ಎರಡು ಬೀದಿ. ಧೂಳು. ಗುಮ್‌ಸುನ್ ಎಲ್ಲಿಯೂ ತಡವರಿಸಲಿಲ್ಲ. ಒಂದಕ್ಕೆ ಒಂದೇ ಮಾತಿತ್ತು, ಎತ್ತಿ ಆಚೆ ಇಟ್ಟರೆ ಮುಗಿಯಿತು.

"ಕಾಲು ಗಂಟೆ ಆದ್ರೂ ಮೇಲೆ ಬರ್ಲಿಲ್ಲ," ಎಂದ ಮುದುಕ. "ನಾನು ಹೋಗಿ ತೊಟ್ಟಿ ಬಾಯಿ ಹತ್ರ ನಿಂತೆ. ಕೆಳಗೆ ಬಿದ್ದಿದ್ದು ಕಾಣಿಸ್ತಿತ್ತು. ಕೈ ಅಲ್ಲಾಡ್ತಿತ್ತು." ಕ್ಯಾಪು ತಿರುಗುವುದು ನಿಂತಿತು. "ನಾನು ಇಳೀಲಿಲ್ಲ. ಇಳಿದ್ರೆ ನಾನೂ ಹೋಗ್ತೀನಿ ಅಂತ ಗೊತ್ತಿತ್ತು. ಹೆದರಿಕೆ ಆಯ್ತು. ನಿಂತ್ಕೊಂಡು ಕೂಗ್ದೆ. ಬರೀ ಕೂಗ್ದೆ. ಇದನ್ನ ನಾನು ವಕೀಲನಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ."

ಇದನ್ನು ದಾಟಿಸುವ ಮೊದಲು ಗುಮ್‌ಸುನ್ ಗೋಡೆ ನೋಡಿದಳು. ಕೈ ಅಲ್ಲಾಡುತ್ತಿತ್ತು ಎನ್ನುವುದನ್ನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ.

ಶುಫಾಂಗ್ ಅಳಲಿಲ್ಲ. ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ಕೂತಳು. ಪಡಸಾಲೆಯ ಆಚೆ ತುದಿಯಲ್ಲಿ ಯಾರದೋ ಮನೆಯವರು ಬಿಳಿ ಸೇವಂತಿಯ ದೊಡ್ಡ ಹಾರವನ್ನು ಬಾಗಿಲಿಗೆ ತಾಗದಂತೆ ಓರೆ ಮಾಡಿ ಒಳಗೆ ಒಯ್ದರು.

"ಏನಂತ ಕೂಗಿದ್ರು, ಕೇಳು," ಎಂದಳು.

ಮುದುಕ ತಲೆಯೆತ್ತಿದ. "ಹೆಬೊಂಗಾ ಅಂತ."

"ಅದ್ಯಾರು?"

ಗುಮ್‌ಸುನ್ ಬಾಯಿ ತೆರೆಯುವಷ್ಟರಲ್ಲಿ ಮುದುಕ ಜೇಬಿನಿಂದ ಪೆನ್ನು ತೆಗೆದಿದ್ದ. ಅವನ ಕಾಲದವರು ಶಾಲೆಯಲ್ಲಿ ಚೀನಿ ಅಕ್ಷರ ಕಲಿತವರು. ತನ್ನ ಅಂಗೈ ಮೇಲೆ, ಆಮ್ಲದ ಕಲೆಗಳ ನಡುವೆ, ನಿಧಾನವಾಗಿ ಎರಡು ಅಕ್ಷರ ಬರೆದು ತೋರಿಸಿದ. ಸಮುದ್ರ, ಶಿಖರ. ಮೂವತ್ತೊಂದು ವರ್ಷದ ಹಿಂದೆ ಶುಫಾಂಗ್ ಗಂಡನ ಜೊತೆ ಜಗಳವಾಡಿ ಮಗನ ಹೆಸರಿಗೆ ಆರಿಸಿದ್ದ ಅಕ್ಷರಗಳು. ಆ ಹಳ್ಳಿಯಲ್ಲಿ ಸಮುದ್ರವನ್ನಾಗಲಿ ಶಿಖರವನ್ನಾಗಲಿ ಯಾರೂ ಕಂಡವರಿರಲಿಲ್ಲ.

"ಇಲ್ಲಿ ಇದನ್ನ ಹೆಬೊಂಗ್ ಅಂತ ಓದ್ತೀವಿ. ಕಾರ್ಖಾನೇಲಿ ಎಲ್ರೂ ಹಂಗೇ ಕರೀತಿದ್ರು," ಎಂದ ಅವನು. "ಓ ಅಂತಿದ್ದ."

ಗುಮ್‌ಸುನ್ ಅದನ್ನು ಹೇಳಿದಳು. ಶುಫಾಂಗ್ ಆ ಅಂಗೈಯನ್ನೇ ನೋಡುತ್ತ ಕೂತಳು. ಆಮೇಲೆ ಚೀಲದ ಒಳಗಿನ ಜೇಬಿನಿಂದ ನಲವತ್ತು ದಿನಗಳಿಂದ ಮಡಿಸಿಟ್ಟುಕೊಂಡಿದ್ದ ದಹನದ ಅರ್ಜಿಯನ್ನು ತೆಗೆದು, ಬೆಂಚಿನ ಮೇಲೆ ಅಂಗೈಯಿಂದ ಒತ್ತಿ ಮಡಿಕೆ ಬಿಡಿಸಿ, ಮುದುಕನ ಕಡೆ ಸರಿಸಿದಳು. ಸತ್ತವರ ಹೆಸರನ್ನು ಕೊರಿಯನ್ ಲಿಪಿಯಲ್ಲಿ ಬರೆಯಬೇಕಾದ ಕಡೆ ಬೆರಳಿಟ್ಟಳು. ಮಾ ಜೊಂಗ್‌ದು ಕಾಗದವನ್ನು ಮಂಡಿಯ ಮೇಲಿಟ್ಟುಕೊಂಡು ಬರೆದ.

"ಹೆಬಂಗ್," ಎಂದಳು ಶುಫಾಂಗ್.

"ಬೊಂಗ್," ಎಂದ ಮುದುಕ.

"ಬೊಂಗ್."

ಗುಮ್‌ಸುನ್ ಖಾಲಿ ಬುತ್ತಿಯ ಮುಚ್ಚಳ ಹಾಕಿ ಕೂತಿದ್ದಳು. ಪಕ್ಕದಲ್ಲಿ ಶುಫಾಂಗ್ ತುಟಿಗಳನ್ನು ದುಂಡಗೆ ಮಾಡಿ, ಅದನ್ನು ಮತ್ತೊಮ್ಮೆ, ಇನ್ನೂ ಮೆಲ್ಲಗೆ ಹೇಳಿಕೊಂಡಳು.