ಹನ್ನೆರಡು ದಿನದ ಎದೆಬಡಿತ

"ಅತ್ತೇನ ಓಡಾಡೋಕೆ ಬಿಡಬೇಡಿ. ಕೂರಿಸಿ. ಆಂಬುಲೆನ್ಸ್ ಹೊರಟಿದೆ," ಎಂದಳು ಫೋನಿನಲ್ಲಿ ನರ್ಸ್.

ಸೊಸೆ ಹೊಲಿಗೆ ಯಂತ್ರದಿಂದ ತಲೆಯೆತ್ತಿ ಅಡುಗೆಮನೆಯ ಕಡೆ ನೋಡಿದಳು. ಅತ್ತೆ ಆರಾಮವಾಗಿ ನಿಂತು ಹಾಲಿನ ಪಾತ್ರೆ ತಿಕ್ಕುತ್ತಿದ್ದರು.

"ಏನಾಯ್ತು ಸಿಸ್ಟರ್?"

"ಬೆಳಗ್ಗೆ ನೀವು ರೀಡಿಂಗ್ ಕಳಿಸಿದ್ರಲ್ಲ, ಅದರಲ್ಲಿ ಎದೆಬಡಿತ ಅಡ್ಡಾದಿಡ್ಡಿ ಆಗಿದೆ. ಡಾಕ್ಟರು ನೋಡಿ ಗಾಬರಿಯಾದ್ರು. ತಡ ಮಾಡೋ ಹಾಗಿಲ್ಲ."

ಸೊಸೆ ಹೊಲಿಗೆ ಯಂತ್ರದ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು. ಬೆಳಗ್ಗೆ ಕಳಿಸಿದ್ದು ಅತ್ತೆಯ ಎದೆಬಡಿತವಾಗಿರಲಿಲ್ಲ.

ಅತ್ತೆಯನ್ನು ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಎದೆಬಡಿತ ಅಳೆಯುವ ಬೆರಳುದ್ದದ ಪಟ್ಟಿಯೊಂದನ್ನು ಕೊಟ್ಟಿದ್ದರು. ದಿನಾ ಬೆಳಗ್ಗೆ ಎರಡೂ ಹೆಬ್ಬೆರಳು ಅದರ ಮೇಲಿಟ್ಟು ಅರ್ಧ ನಿಮಿಷ ಅಲ್ಲಾಡದೆ ಕೂತರೆ, ಎದೆಬಡಿತ ಗೆರೆಯಾಗಿ ಮೂಡಿ ಫೋನಿನ ಮೂಲಕ ಆಸ್ಪತ್ರೆಗೆ ಹೋಗುತ್ತದೆ. ಎಷ್ಟು ಸಲೀಸು! ಆದರೆ ಅತ್ತೆಯ ಕೈ ನಡುಗುತ್ತದೆ. ಗೆರೆ ಕಲಸಿಹೋಗುತ್ತದೆ, ನರ್ಸ್ ಫೋನ್ ಮಾಡುತ್ತಾಳೆ, ಇನ್ನೊಮ್ಮೆ ಇಡಿ ಅನ್ನುತ್ತಾಳೆ. ಇಲ್ಲಿ ಅರ್ಧ ಹೊಲಿದ ರವಿಕೆಗಳು ಕಾಯುತ್ತಿರುತ್ತವೆ, ಅತ್ತೆ ಮುಖ ಸಣ್ಣಗೆ ಮಾಡಿಕೊಳ್ಳುತ್ತಾರೆ. ಒಂದು ದಿನ ತಲೆ ಕೆಟ್ಟು ಸೊಸೆ ತನ್ನ ಹೆಬ್ಬೆರಳುಗಳನ್ನೇ ಒತ್ತಿಬಿಟ್ಟಳು. ಗೆರೆ ಚೆಂದ ಬಂತು, ಫೋನೂ ಬರಲಿಲ್ಲ. ಮರುದಿನವೂ ಅದನ್ನೇ ಮಾಡಿದಳು. ಇವತ್ತಿಗೆ ಹನ್ನೆರಡು ದಿನ. ಮೊನ್ನೆ ಡಾಕ್ಟರು, ಅಜ್ಜಿ ಸುಧಾರಿಸಿದ್ದಾರೆ ಎಂದು ಒಂದು ಮಾತ್ರೆಯನ್ನೇ ನಿಲ್ಲಿಸಿದ್ದರು.

ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. ಎರಡು ದಿನದಿಂದ ಮೆಟ್ಟಿಲು ಹತ್ತುವಾಗ ಒಳಗೇನೋ ಪುಟಪುಟ ಅನ್ನುತ್ತಿತ್ತು. ನಿದ್ದೆಗೆಟ್ಟದ್ದಕ್ಕೆ ಅಂದುಕೊಂಡಿದ್ದಳು. ಈಗ ಒಂದು ಬಡಿತ ಬಂತು, ಆಮೇಲೆ ಏನೂ ಇಲ್ಲ, ಆಮೇಲೆ ಮೂರು ಒಟ್ಟಿಗೆ ನುಗ್ಗಿದವು. ಸಾಯುವ ಭಯ ಅವಳಿಗೆ ಇಷ್ಟು ಹತ್ತಿರದಿಂದ ಗೊತ್ತಿರಲಿಲ್ಲ.

ಸುಮ್ಮನೆ ಅತ್ತೆಯನ್ನು ಕಳಿಸಿಬಿಟ್ಟರೆ? ಅಲ್ಲಿ ಹೇಗೂ ನೋಡುತ್ತಾರೆ, ಯಾರಿಗೂ ಏನೂ ತಿಳಿಯುವುದಿಲ್ಲ. ಹಾಗೆ ಯೋಚಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಲೈನಲ್ಲಿದೀರಾ?"

"ಸಿಸ್ಟರ್, ಅದು ನಂದು."

"ನಿಮ್ದು ಅಂದ್ರೆ?"

"ಬೆರಳು ನಂದು. ಹನ್ನೆರಡು ದಿನದಿಂದ ಎಲ್ಲಾ ನಂದೇ."

ಬಯ್ಯುತ್ತಾಳೆಂದು ಕಾದಳು. ನರ್ಸ್ ಬಯ್ಯಲಿಲ್ಲ. ಅವಳ ದನಿಯೇ ಇಳಿದುಹೋಯಿತು.

"ಮೊದಲು ನೀವು ಕೂತ್ಕೊಳ್ಳಿ. ಮೆಟ್ಟಿಲಿಳೀಬೇಡಿ. ಅತ್ತೇನೂ ಕೂರಿಸಿ. ಅವರ ಎದೆ ಹೇಗಿದೆ ಅಂತ ನಮಗೆ ಗೊತ್ತೇ ಇಲ್ಲ ಈಗ."

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. "ಯಾರಿಗೆ ಏನಾಯ್ತೇ? ಮುಖ ಯಾಕೆ ಹೀಗೆ ಬಿಳಿಚಿಕೊಂಡಿದೆ?"

ಸೊಸೆ ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ. ಅತ್ತೆ ಕೇಳುತ್ತಾ ಕೇಳುತ್ತಾ ಪಕ್ಕದ ಮಣೆಯ ಮೇಲೆ ಕುಸಿದರು.

"ಮಾತ್ರೆ ನಿಲ್ಸಿದ್ದು ಅದಕ್ಕೇನಾ?"

"ಹೂಂ."

ಅತ್ತೆ ತಮ್ಮ ಎರಡೂ ಹೆಬ್ಬೆರಳುಗಳನ್ನು ತಿರುಗಿಸಿ ನೋಡಿಕೊಂಡರು. ಬಯ್ದಿದ್ದರೆ ಸೊಸೆಗೆ ಎಷ್ಟೋ ಹಗುರಾಗುತ್ತಿತ್ತು.

"ನಂಗೂ ಹೆದರಿಕೆ ಆಗ್ತಿದೆ ಕಣೇ," ಎಂದರು.

ಆಂಬುಲೆನ್ಸಿನವರು ಬಾಗಿಲು ಬಡಿದರು. ಒಳಗಿನಿಂದ ಚಿಲಕ ಹಾಕಿತ್ತು. ಯಾರಾದರೊಬ್ಬರು ಏಳಲೇಬೇಕಿತ್ತು. "ನೀವು ಏಳ್ಬೇಡಿ," ಎಂದಳು ಸೊಸೆ. "ನೀನು ಕೂತ್ಕೋ," ಎಂದರು ಅತ್ತೆ. ಇಬ್ಬರೂ ಎದ್ದರು, ಒಬ್ಬರ ತೋಳು ಒಬ್ಬರು ಹಿಡಿದು ಬಾಗಿಲ ತನಕ ನಡೆದರು.

ಹೊರಗೆ ಇಬ್ಬರು ನಿಂತಿದ್ದರು, ನಡುವೆ ಒಂದೇ ಒಂದು ಗಾಲಿಕುರ್ಚಿ.

"ಪೇಷಂಟ್ ಯಾರು?"

ಸೊಸೆ ಅತ್ತೆಯನ್ನು ತೋರಿಸಿದಳು. ಅತ್ತೆ ಸೊಸೆಯನ್ನು ತೋರಿಸಿದರು.