ಅಜ್ಜಿಯ ಹೃದಯ

ಸಂಜೆಯಾದರೆ ಪದ್ಮರಾಜಯ್ಯನವರು ಹೆಂಡತಿಯನ್ನು ಕರೆದೊಯ್ಯಲು ಆಸ್ಪತ್ರೆಯ ಮೇಲಿನ ನಮ್ಮ ಪ್ರಯೋಗಾಲಯಕ್ಕೆ ಬರುತ್ತಿದ್ದರು. ಮೆಟ್ಟಿಲ ತಿರುವಿನ ಕಿಟಕಿಯ ಬಳಿ ನಿಂತು, ಏದುಸಿರು ಇಳಿಯುವ ತನಕ ಆಕಾಶ ನೋಡುವರು. ಯಾರಾದರೂ ಕೇಳಿದರೆ, "ಮೋಡ ನೋಡ್ತಿದ್ದೆ" ಅನ್ನುವರು. ಅವರ ಹೃದಯ ಊದಿಕೊಂಡಿತ್ತು. ಅದು ನಮಗೆಲ್ಲ ಗೊತ್ತಿತ್ತು. ನಮಗೆ ಗೊತ್ತೆಂದು ಅವರಿಗೂ ಗೊತ್ತಿತ್ತು.

ಅವರ ಹೆಂಡತಿ ಡಾಕ್ಟರ್ ವಾರಿಜಾಕ್ಷಿ ಆ ಪ್ರಯೋಗಾಲಯದ ಮುಖ್ಯಸ್ಥೆ. ನಾನು ಅವರ ಕೈಕೆಳಗಿದ್ದವಳು. ಕೆಳಗಿನ ಆಸ್ಪತ್ರೆಯಲ್ಲಿ ಎದೆ ತೆರೆದು ಚಿಕಿತ್ಸೆ ಮಾಡುವಾಗ ಕತ್ತರಿಸಿ ತೆಗೆದ, ಹುಣಸೆಬೀಜದಷ್ಟು ಹೃದಯದ ತುಣುಕುಗಳು ನಮಗೆ ಬರುತ್ತಿದ್ದವು. ದೊಡ್ಡವರದು ಮಾತ್ರ, ಮಕ್ಕಳದು ಬೇರೆ ಕಡೆ ಹೋಗುತ್ತಿತ್ತು. ವಯಸ್ಕರ ಹೃದಯದಲ್ಲೂ ಆಕರಕೋಶಗಳು, ಅಂದರೆ ಸತ್ತ ಮಾಂಸದ ಜಾಗದಲ್ಲಿ ಹೊಸದನ್ನು ಬೆಳೆಸಬಲ್ಲ ಕೋಶಗಳು, ಅಡಗಿವೆಯೇ ಎಂದು ಹುಡುಕುವುದು ನಮ್ಮ ಕೆಲಸ. ಇದ್ದರೆ, ಬಣ್ಣ ಹಾಕಿದಾಗ ಸೂಕ್ಷ್ಮದರ್ಶಕದಲ್ಲಿ ಹಸಿರಾಗಿ ಮಿನುಗಬೇಕು. ವರ್ಷಗಟ್ಟಲೆ ನೋಡಿದರೂ ಬರೀ ಕತ್ತಲೆ.

ಒಂದು ದಿನ ಮೇಡಂ ಕೂಗಿದರು. "ಬಾರೇ ಇಲ್ಲಿ, ನೋಡೇ!"

ಕಣ್ತುಂಬ ಹಸಿರು ಚುಕ್ಕಿ! ರೋಗಿಯ ಹೆಸರು ನಮಗೆ ತಿಳಿಯಬಾರದೆಂದು ವಾರ್ಡಿನವರು ಶೀಸೆಯ ಮೇಲೆ ಗುರುತಿಗೊಂದು ಪದವನ್ನಷ್ಟೇ ಬರೆಯುತ್ತಿದ್ದರು: ಮೇಷ್ಟ್ರು, ದರ್ಜಿ, ಹೀಗೆ. ಇದರ ಮೇಲೆ 'ಅಜ್ಜಿ' ಎಂದಿತ್ತು.

"ಅಜ್ಜಿ ಹೃದಯದಲ್ಲೇ ಇಷ್ಟಿದ್ರೆ, ನಮ್ಮನೆಯವರದ್ರಲ್ಲಿ ನಾಲ್ಕಾದ್ರೂ ಇರಲ್ವೇನೇ? ಮುಂದಿನ ವಾರವೇ ಎದೆ ತೆರೆಸಿ ಒಂದು ತುಣುಕು ತೆಗೆಸ್ತೀನಿ. ಕೋಶ ಬೆಳೆಸಿ ವಾಪಸ್ ಹಾಕೋಣ."

ಪದ್ಮರಾಜಯ್ಯನವರು ಆ ಚಿಕಿತ್ಸೆ ತಡೆದುಕೊಳ್ಳುವುದು ಅನುಮಾನವೆಂದು ವೈದ್ಯರು ಹೇಳಿದ್ದರು. ನನ್ನ ಅನುಮಾನ ಬೇರೆಯೇ. ನಾನು ಮೊದಲೇ ಹಾಲಿನಲ್ಲಿ ನೀರು ಹುಡುಕುವ ಪೈಕಿ. ಇಷ್ಟು ವರ್ಷ ಇಲ್ಲದ್ದು ಒಮ್ಮೆಲೇ ರಾಶಿ ಬೀಳುವುದೆಂದರೇನು? ಮೇಲಾಗಿ ಅಂದಿನಿಂದ ಮೇಡಂ ಒಳಗಿನಿಂದ ಚಿಲಕ ಹಾಕಿಕೊಂಡು ಕೆಲಸ ಮಾಡತೊಡಗಿದರು.

"ನಾನೂ ಒಂದ್ಸಲ ಬಣ್ಣ ಹಾಕಿ ನೋಡ್ಲಾ ಮೇಡಂ?" ಎಂದೆ.

"ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?"

ನನ್ನ ಮೇಜಿಗೆ ಮರಳಿದೆ. ಗಂಡ ಉಳಿಯಲೆಂಬ ಹಂಬಲಕ್ಕೆ ಈಯಮ್ಮ ಎಲ್ಲಿಂದಲೋ ಕೋಶ ತಂದು ಬೆರೆಸಿದ್ದಾರೆ ಎಂದೇ ನನಗೆ ಖಾತ್ರಿಯಾಯಿತು. ಅಜ್ಜಿಯನ್ನೇ ಕಂಡು, ಆಸ್ಪತ್ರೆಯಲ್ಲಿ ಉಳಿದಿರಬಹುದಾದ ಅವರ ತುಣುಕಿನ ಇನ್ನೊಂದು ಪರೀಕ್ಷೆಗೆ ಒಪ್ಪಿಸಿ, ಬಣ್ಣ ಬಯಲು ಮಾಡೋಣವೆಂದು ವಾರ್ಡಿಗೆ ಇಳಿದೆ.

"ಅಜ್ಜಿನಾ?" ಸೆಲಿನ್ ಸಿಸ್ಟರ್ ನಕ್ಕರು. "ಅಗೋ, ಮಂಚದಿಂದ ಮಂಚಕ್ಕೆ ಹಾರ್ತಿದ್ದಾಳೆ ನೋಡಿ!"

ಎದೆಗೆ ಪಟ್ಟಿ ಕಟ್ಟಿದ ನಾಲ್ಕು ವರ್ಷದ ಹುಡುಗಿ. ಅವಳ ತಾಯಿ ಬಟ್ಟಲು ಹಿಡಿದು ಹಿಂದೆ ಓಡುತ್ತಿದ್ದಳು. "ಅಜ್ಜೀ, ಇನ್ನೊಂದೇ ತುತ್ತು, ಬಾರೇ ನಮ್ಮಮ್ಮ!"

"ಅಜ್ಜಿ ಅಂತ ಯಾಕಮ್ಮ ಕರೀತೀರಿ?" ಎಂದು ತಾಯಿಯನ್ನು ಕೇಳಿದೆ.

"ನಮ್ಮತ್ತೆ ಹೆಸ್ರೇ ಇಟ್ಟಿದ್ದೀವಿ ಮೇಡಮ್ಮೋರೇ. ಸೊಸೆಯಾಗಿ ಅತ್ತೆ ಹೆಸ್ರು ಹಿಡ್ದು ಕೂಗೋಕಾಗುತ್ತಾ? ಅದಕ್ಕೇ ಅಜ್ಜಿ ಅಂತೀವಿ. ಈಗ ವಾರ್ಡೆಲ್ಲ ಹಂಗೇ ಕೂಗ್ತದೆ."

ಶೀಸೆಯ ಮೇಲಿನ ಪದ ನೋಡಿ ಯಾರೋ ಅದನ್ನು ದೊಡ್ಡವರ ಡಬ್ಬಿಗೆ ಹಾಕಿದ್ದರು. ಬೆಳೆಯುವ ಮಕ್ಕಳ ಹೃದಯದಲ್ಲಿ ಅಂಥ ಕೋಶಗಳಿರುವುದು ನಮಗೆ ಹೊಸದೇನಲ್ಲ. ಮೋಸ ಯಾರೂ ಮಾಡಿರಲಿಲ್ಲ. ಅಯ್ಯೋ, ಮೋಸವೇ ಆಗಿದ್ದರೆ ಹೇಳುವುದು ಎಷ್ಟು ಸುಲಭವಿತ್ತು!

ಬಾಗಿಲು ಬಡಿದೆ. ಮೇಡಂ ಚಿಲಕ ತೆಗೆದರು. ಮೇಜಿನ ತುಂಬ ಅದೇ ತುಣುಕಿನ ಪದರಗಳನ್ನು ಅಂಟಿಸಿದ ಗಾಜುಪಟ್ಟಿಗಳು. ಅವರಿಗೂ ನಂಬಿಕೆ ಬಾರದೆ ಮತ್ತೆ ಮತ್ತೆ ಬಣ್ಣ ಹಾಕಿ ನೋಡಿದ್ದರು. ಎಲ್ಲವನ್ನೂ ಹೇಳಿದೆ. ಮೇಡಂ ಗಾಜುಗಳನ್ನು ಒಂದೊಂದಾಗಿ ಎತ್ತಿಟ್ಟರು.

"ಮಗು ಊಟ ಮಾಡ್ತಾ?" ಎಂದು ಕೇಳಿದರು.

"ಮಾಡ್ತು ಮೇಡಂ."

ದೀಪ ಆರಿಸಿದರು. ಅಂದು ಗಂಡ ಹತ್ತಿ ಬರುವವರೆಗೆ ಕಾಯದೆ, ತಾವೇ ಮೆಟ್ಟಿಲ ತಿರುವಿಗೆ ಇಳಿದು ಅವರ ಪಕ್ಕ ನಿಂತರು.

"ಏನ್ರೀ ನೋಡ್ತಿದ್ದೀರಿ?"

"ಮೋಡ."

ಆಕಾಶ ಶುಭ್ರವಾಗಿತ್ತು. ಮೇಡಂ ಕಿಟಕಿಯ ಕಂಬಿ ಹಿಡಿದು ಬಗ್ಗಿ ನೋಡಿದರು.

"ಹೌದಲ್ರೀ," ಎಂದರು. "ನಿಲ್ಲೋಣ, ಇನ್ನೊಂದಿಷ್ಟು ಹೊತ್ತು."